ಹನ್ನೆರಡನೆಯ ರೊಟ್ಟಿ

ಕಳೆದ ವಾರ ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಪರಸಿ ಕಲ್ಲು ಹಾಕಿಸಿದೆ. ಟೈಲ್ಸ್ ಹಾಕಿಸೋಣ ಎಂದು ಯಜಮಾನರು ಹೇಳಿದ್ದರು. ಸೋಪಿನ ನೀರಿನಲ್ಲಿ ಜಾರಿ ಬೀಳುವವಳು ನಾನು, ಅವರಲ್ಲ. ಹಾಗಾಗಿ ಶಹಾಬಾದಿನ ಕಲ್ಲೇ ಬಂತು. ಗೌಂಡಿ ನೀರು ಬಿಡುತ್ತ ಮಷೀನಿನಿಂದ ಕಲ್ಲು ಕೊಯ್ಯಲು ಶುರು ಮಾಡಿದ್ದೇ ತಡ, ಹಸಿ ಕಲ್ಲಿನ ವಾಸನೆ ಅಡುಗೆ ಮನೆಯ ತನಕ ಬಂತು. ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದದ್ದು ನನಗೆ ಗೊತ್ತಾಗಲಿಲ್ಲ. ಆ ಹಸಿ ಕಲ್ಲಿನದು ನನ್ನ ಕಾಕಾನ ಅಂಗಿಯ ವಾಸನೆ.

ಕಾಕಾ ಎಂದರೆ ಅಪ್ಪನ ಒಬ್ಬನೇ ತಮ್ಮ. ಮದುವೆಯಾಗಿರಲಿಲ್ಲ, ಶಹಾಬಾದಿನ ನಮ್ಮ ಮನೆಯಲ್ಲೇ ಇದ್ದ. ಪಾಲಿಶ್ ಕಾರ್ಖಾನೆಯೊಂದರ ಅಂಗಳದಲ್ಲಿ ಅವನಿಗೆ ಕೆಲಸ. ಗಣಿಯಿಂದ ಬಂದ ಚಪ್ಪಡಿಗಳನ್ನು ಒಂದೊಂದಾಗಿ ಸಣ್ಣ ಸುತ್ತಿಗೆಯಿಂದ ಬಡಿದು ನೋಡಬೇಕು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಠಪ್. ಆ ಬಿರುಕು ಕಣ್ಣಿಗೆ ಕಾಣುವಂಥದ್ದಲ್ಲ. ಕಾಕಾ ತಲೆ ಓರೆ ಮಾಡಿ ಕೇಳಿಸಿಕೊಂಡು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ. ಮಾಲೀಕರಾದ ಸಾಹೇಬರು ಅಪ್ಪನಿಗೆ ಹೇಳುತ್ತಿದ್ದರು, “ನಿಮ್ಮ ತಮ್ಮಗ ಏನೂ ಹೇಳೋದೇ ಬ್ಯಾಡ್ರಿ. ಕಲ್ಲ ಮುಂದಿಟ್ಟರ ಮುಗೀತು.”

ಹೇಳುವುದೇ ಅಲ್ಲವೇ ಕಷ್ಟವಿದ್ದದ್ದು. ಕಾಕಾನ ಕಿವಿ ಚುರುಕಾಗಿಯೇ ಇತ್ತು. ಆದರೆ ಮಾತು ಒಳಗೆ ಹೋಗಿ ಅರ್ಥವಾಗಲು ಹೊತ್ತು ಬೇಕು, ಉತ್ತರ ಹೊರಗೆ ಬರಲು ಇನ್ನೂ ಹೊತ್ತು ಬೇಕು. ಇಬ್ಬರು ಒಟ್ಟಿಗೆ ಮಾತಾಡಿದರಂತೂ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಏನು ಕೇಳಿದರೂ ಮೊದಲು ಆ ಪ್ರಶ್ನೆಯ ಕೊನೆಯನ್ನೇ ತಿರುಗಿ ಹೇಳುತ್ತಿದ್ದ. “ಚಾ ಕುಡೀತಿ?” ಎಂದರೆ “ಕುಡೀತಿ.” ಅದು ಉತ್ತರವಲ್ಲ. ಪ್ರಶ್ನೆ ಬಂದು ಮುಟ್ಟಿತು ಎಂದಷ್ಟೇ. ಖರೇ ಉತ್ತರ ಆಮೇಲೆ ಬರುತ್ತಿತ್ತು...

ಎಷ್ಟು ಆಮೇಲೆ ಎಂಬುದಕ್ಕೆ ಅವ್ವನ ಹತ್ತಿರ ಒಂದು ಅಳತೆ ಇತ್ತು. ರೊಟ್ಟಿ. ಒಲೆಯ ಮುಂದೆ ಕೂತು, “ಪುಂಡಿಪಲ್ಯ ಹಾಕ್ಲೋ, ಬ್ಯಾಳಿ ಹಾಕ್ಲೋ?” ಎಂದು ಕೇಳುತ್ತಿದ್ದಳು. ಕೇಳಿದವಳು ಮತ್ತೆ ತುಟಿ ಬಿಚ್ಚುತ್ತಿರಲಿಲ್ಲ, ರೊಟ್ಟಿ ಬಡಿಯುತ್ತಿದ್ದಳು. ಒಂದು, ಎರಡು... ಮೂರನೆಯದು ಹಂಚಿನ ಮೇಲೆ ಉಬ್ಬುವಾಗ ಕಾಕಾ “ಪುಂಡಿಪಲ್ಯ” ಎನ್ನುತ್ತಿದ್ದ. ನಡುವೆ ಮತ್ತೊಮ್ಮೆ ಕೇಳಿದರೆ ಎಲ್ಲ ಮೊದಲಿನಿಂದ ಶುರು. ಊಟದ ಮಾತು ಮೂರು ರೊಟ್ಟಿಯದು, ಯಾವ ಅಂಗಿ ಬೇಕು ಎಂಬುದು ಐದರದು. ದೊಡ್ಡ ಮಾತಾದರೆ ನಾಳೆ, ನಾಡಿದ್ದಿನ ರೊಟ್ಟಿಗೆ ಹೋಗುತ್ತಿತ್ತು. ಅವ್ವನ ಪಕ್ಕದಲ್ಲೇ ಬೆಳೆದ ನನಗೆ ಈ ಅಳತೆ ಬಾಯಿಪಾಠ. ಕಾಕಾ ಏನು ಹೇಳಿದನೆಂದು ತಿಳಿಯದಿದ್ದಾಗ ಅಪ್ಪ ನನ್ನ ಕಡೆ ನೋಡುತ್ತಿದ್ದ. ನಾನು ಹೇಳಿದ್ದೇ ಕಾಕಾನ ಮಾತು. ವಟವಟ ಎನ್ನುವ ಹುಡುಗಿಗೆ ಇನ್ನೇನು ಬೇಕು, ಬಹಳ ಜಂಬವಿತ್ತು ನನಗೆ.

ಅವ್ವ ತೀರಿಕೊಂಡ ಮರುವರ್ಷ ಆ ಕಾರ್ಖಾನೆ ಮುಚ್ಚಿತು. ಕಾಕಾ ದಿನವಿಡೀ ಮನೆಯಲ್ಲಿ ಉಳಿದ. ಸುತ್ತಿಗೆ ಮಾತ್ರ ಬಿಡಲಿಲ್ಲ. ಪಡಸಾಲೆಯ ನೆಲ, ಬಾಗಿಲ ಹೊಸ್ತಿಲು, ನೀರು ತುಂಬುವ ಕಲ್ಲಿನ ದೋಣಿ, ಎಲ್ಲವನ್ನೂ ಬಡಿದು ಕೇಳುತ್ತಿದ್ದ. ಅದೇ ಹೊತ್ತಿಗೆ ನನಗೆ ಗಂಡು ಹುಡುಕುತ್ತಿದ್ದರು. ಸೇಡಂ ಕಡೆಯವರು ನೋಡಲು ಬಂದರು. ಹುಡುಗನ ಸೋದರಮಾವ ಪಡಸಾಲೆಯಲ್ಲಿದ್ದ ಕಾಕಾನನ್ನು “ಏನ್ರಿ, ಆರಾಮ ಅದೀರಿ?” ಎಂದು ವಿಚಾರಿಸಿದರು.

“ಆರಾಮ ಅದೀರಿ?” ಕಾಕಾ ಅವರದೇ ರಾಗದಲ್ಲಿ ಹೇಳಿದ.

“ಕೆಲಸ ಏನ್ ಮಾಡ್ತೀರಿ?”

“ಏನ್ ಮಾಡ್ತೀರಿ?”

ತಮ್ಮನ್ನು ಅಣಕಿಸುತ್ತಿದ್ದಾನೆ ಎಂದುಕೊಂಡು ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ಜೀಪು ಓಣಿ ದಾಟಿದ ಮೇಲೆ ಕಾಕಾ ಖಾಲಿ ಕುರ್ಚಿಯ ಕಡೆ ನೋಡಿ, “ಆರಾಮ ಅದೀನ್ರಿ” ಎಂದ. ಆ ಹುಡುಗ ನನಗೆ ಹಿಡಿಸಿದ್ದ. ಹಿತ್ತಲಲ್ಲಿ ನಿಂತು ಬಹಳ ಹೊತ್ತು ಅಳುತ್ತಿದ್ದೆ. ಕಾಕಾನ ಮೇಲೆ ಆವತ್ತು ಬಂದ ಸಿಟ್ಟು ಬೇಗ ಇಳಿಯಲಿಲ್ಲ.

ಚಿಮ್ಮನಚೋಡದ ಅತ್ತೆ, ಅಪ್ಪನ ಅಕ್ಕ, ಸುದ್ದಿ ಕೇಳಿ ಬಂದಳು. ಹುಡುಗಿಯ ಮದುವೆಯಾಗುವ ತನಕವಾಗಲಿ, ಆಮೇಲೂ ಆಗಲಿ, ತಮ್ಮನನ್ನು ತಾನೇ ಇಟ್ಟುಕೊಳ್ಳುತ್ತೇನೆ ಎಂದಳು. ಅಪ್ಪ ಒಂದು ಮಾತಿಗೆ ಗಟ್ಟಿಯಾಗಿ ನಿಂತ. “ಅವ ತನ್ನ ಬಾಯಿಲೇ ಹೂಂ ಅನ್ನಬೇಕು. ಒಲ್ಲೆ ಅಂದ್ರ ನಾ ಕಳಸಂಗಿಲ್ಲ.” ಊಟ ಮುಗಿದ ಮೇಲೆ ಕಾಕಾನನ್ನು ಕರೆದು ಕೂರಿಸಿಕೊಂಡು ಕೇಳಿದ, “ತಮ್ಮಾ, ಅಕ್ಕನ ಮನಿಗಿ ಹೋಗ್ತಿ?”

“ಮನಿಗಿ ಹೋಗ್ತಿ,” ಎಂದ ಕಾಕಾ, ನೆಲ ನೋಡುತ್ತ.

ಅಪ್ಪ ನನ್ನ ಕಡೆ ತಿರುಗಿದ. “ಏನಂತಾನವ್ವಾ?”

ಅದು ಉತ್ತರವಲ್ಲ ಎಂದು ನನಗೆ ಗೊತ್ತಿತ್ತು. ನನ್ನಷ್ಟು ಚೆನ್ನಾಗಿ ಆ ಮನೆಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಇದು ಎರಡು ಮೂರು ದಿನದ ಮಾತು, ತಡೀ ಅಪ್ಪಾ, ಎಂದರೆ ಸಾಕಿತ್ತು.

“ಹೋಗ್ತೀನಿ ಅಂತಾನ,” ಎಂದೆ.

ಮೂರನೆಯ ದಿನ ಅತ್ತೆಯ ಗಂಡ, ನಮ್ಮ ಮಾವ, ಬಂದು ಕಾಕಾನನ್ನು ಕರೆದುಕೊಂಡು ಹೊರಟರು. ನಾನು ಬುತ್ತಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದೆ. ಕಾಕಾ ಕಿಟಕಿಯ ಪಕ್ಕ ಕೂತಿದ್ದ, ತೊಡೆಯ ಮೇಲೆ ಕೈಚೀಲ, ಅದರೊಳಗೆ ಸುತ್ತಿಗೆ. ಮಾವ ಗಂಟುಗಳನ್ನು ಮೇಲೆ ಇಡುತ್ತಿದ್ದರು. ಕಾಕಾ ನನ್ನ ಮುಖ ನೋಡಲಿಲ್ಲ, ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಿಟಕಿಯ ಸರಳನ್ನು ನೋಡುತ್ತ, ಸ್ಪಷ್ಟವಾಗಿ, ಒಂದೊಂದೇ ಶಬ್ದ ಇಟ್ಟು ಹೇಳಿದ. “ಅಕ್ಕನ ಮನಿ ಒಲ್ಲೆ. ನಾ ಒಲ್ಲೆ.”

ಅಪ್ಪ ಕೇಳಿದ ಪ್ರಶ್ನೆಗೆ ಅದು ಉತ್ತರ. ತನ್ನ ಹೊತ್ತಿಗೆ ಸರಿಯಾಗಿ ಬಂದಿತ್ತು... ಕೇಳಿಸಿಕೊಂಡವಳು ನಾನೊಬ್ಬಳೇ. ಡ್ರೈವರ್ ಇನ್ನೂ ಹತ್ತಿರಲಿಲ್ಲ. ಒಂದು ಮಾತು ಮಾವನಿಗೆ ಹೇಳಿದ್ದರೆ ಕಾಕಾನನ್ನು ಇಳಿಸಿಕೊಂಡು ಮನೆಗೆ ಬರಬಹುದಿತ್ತು. ನಾನು ಬುತ್ತಿಯನ್ನು ಕಿಟಕಿಯಿಂದ ಕೊಟ್ಟು, “ಹೋಗಿ ಬಾ ಕಾಕಾ” ಎಂದೆ.

“ಹೋಗಿ ಬಾ ಕಾಕಾ,” ಎಂದ.

ಆರು ತಿಂಗಳಲ್ಲಿ ನನ್ನ ಮದುವೆ ಆಯಿತು. ಚಿತ್ತಾಪುರಕ್ಕೆ ಬಂದೆ, ಕೋರ್ಟಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವುದು ನನ್ನ ಉದ್ಯೋಗವಾಯಿತು, ನೋಡಿ ತಮಾಷೆ. ಕಾಕಾನಿಗೆ ಚಿಮ್ಮನಚೋಡದಲ್ಲಿ ಯಾರೂ ಏನೂ ಕಡಿಮೆ ಮಾಡಲಿಲ್ಲ. ಅತ್ತೆ ಒಳ್ಳೆಯವಳು. ಆದರೆ ಅವಳದು ತುಂಬಿದ ಮನೆ, ಒಂದು ಪ್ರಶ್ನೆಯ ಮೇಲೆ ಇನ್ನೊಂದು ಬೀಳುತ್ತಿತ್ತು. ಕಾಕಾ ಬರಬರುತ್ತ ಪ್ರಶ್ನೆಯ ಕೊನೆಯನ್ನು ಹೇಳುವುದನ್ನೂ ಬಿಟ್ಟನಂತೆ. ಮೂಕನಾಗಿದ್ದಾನೆ ಎಂದು ಊರಲ್ಲಿ ಮಾತಾಯಿತು. ಅಪ್ಪ ತೀರಿಕೊಂಡ ಮೇಲೆ ಅವನನ್ನು ವಿಚಾರಿಸುವವರು ಇನ್ನೂ ಕಡಿಮೆಯಾದರು. ಅವರಲ್ಲಿ ನಾನೂ ಒಬ್ಬಳು.

ಐದಾರು ವರ್ಷಗಳ ಹಿಂದೆ ನಮ್ಮ ಪಕ್ಕದ ಮನೆಗೆ ಒಂದು ಕುಟುಂಬ ಬಂತು. ಅವರ ಮಗಳಿಗೆ ಏಳು ವರ್ಷ. ಹೆಸರೇನು ಎಂದು ಕೇಳಿದೆ. “ಹೆಸರೇನು,” ಎಂದಳು. ಅವಳ ತಾಯಿ ಹೇಳಿದಳು, “ಆಟಿಸಂ ಅಂತ ಹೇಳ್ಯಾರ್ರಿ ಕಲಬುರಗಿ ಡಾಕ್ಟರ್. ಆಕಿಗಿ ಎಲ್ಲಾ ಕೇಳಸ್ತದ, ತಿಳೀತದ. ಒಂದ್ ಸಲ ಕೇಳಿ ಸುಮ್ಮನ ಇರ್ರಿ, ಹೇಳ್ತಾಳ.” ನಾನು ಸುಮ್ಮನಿದ್ದೆ. ಹುಡುಗಿ ಸ್ವಲ್ಪ ಹೊತ್ತು ಗೇಟಿನ ಚಿಲಕ ಆಡಿಸಿ ತನ್ನ ಹೆಸರು ಹೇಳಿದಳು. ಕಾಕಾನನ್ನು ಯಾರೂ ಯಾವ ಡಾಕ್ಟರಿಗೂ ತೋರಿಸಿರಲಿಲ್ಲ, ನಾನು ಹೆಸರಿಡುವುದು ತಪ್ಪಾದೀತು. ಆದರೆ ಆ ಭಾನುವಾರವೇ ಚಿಮ್ಮನಚೋಡದ ಬಸ್ಸು ಹತ್ತಿದೆ.

ಕಾಕಾ ಸಣ್ಣಗಾಗಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನ ಎದುರು ಕೂತು ಒಂದೇ ಸಲ ಕೇಳಿದೆ, “ಕಾಕಾ, ನನ್ನ ಮನಿಗಿ ಬರ್ತಿ? ಚಿತ್ತಾಪುರಕ್ಕ?”

“ಚಿತ್ತಾಪುರಕ್ಕ,” ಎಂದ. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟ ಎಂದು ಅತ್ತೆ ಒಲೆಯ ಮುಂದಿನಿಂದಲೇ ತಿರುಗಿ ನೋಡಿದಳು. ಆಮೇಲೆ ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಎಣಿಸುತ್ತಿದ್ದೆ. ಐದು. ಎಂಟು. ಕಾಕಾ ತುಟಿ ಅಲುಗಿಸುತ್ತಿದ್ದ. ಹನ್ನೊಂದನೆಯದು ಹಂಚಿಗೆ ಬಿದ್ದಾಗ ಕೊನೆಯ ಬಸ್ಸಿನ ಹಾರನ್ ಕೇಳಿಸಿತು. ಮರುದಿನ ಡ್ಯೂಟಿ ಇತ್ತು. ರಜೆ ಹಾಕಬಹುದಿತ್ತು... ಎದ್ದೆ. ಬಸ್ಸಿನಲ್ಲಿ ಕೂತ ಮೇಲೆ ಮನಸ್ಸು ಹಗುರವಾಯಿತು. ಕೇಳಿದ್ದೆನಲ್ಲ, ಅವನೇ ಹೇಳಲಿಲ್ಲವಲ್ಲ ಎಂದುಕೊಂಡೆ.

ಎರಡು ವರ್ಷದ ಮೇಲೆ ಕಾಕಾ ಹೋದ. ಮಣ್ಣು ಮಾಡಿ ಬಂದು ಕೂತಾಗ ಅತ್ತೆ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು. “ನೀ ಬಂದು ಹೋದ ಮರದಿನ ನಸಕಿನ್ಯಾಗ ಎದ್ದ ಯವ್ವಾ. ಅಂಗಿ, ಧೋತರ, ಇದು, ಎಲ್ಲಾ ಚೀಲದಾಗ ಹಾಕ್ಕೊಂಡ. ಬಸ್‌ಸ್ಟ್ಯಾಂಡಿಗಿ ಹೋಗಿ ಕುಂತ. ಬರ್ತೀನಿ, ಬರ್ತೀನಿ ಅಂತಿದ್ದ. ನಾಕ್ ದಿನ ಹಂಗೇ ಹೋಗಿ ಕುಂತ. ಸಂಜಿಕಿ ನಾನೇ ಹೋಗಿ ಕರಕೊಂಡ ಬರ್ತಿದ್ದೆ.”

“ಒಂದ್ ಫೋನ್ ಯಾಕ ಮಾಡಲಿಲ್ಲ ಅತ್ತಿ?”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಸಿಟ್ಟಿರಲಿಲ್ಲ ಅವಳಲ್ಲಿ. “ನೀ ಸುಮ್ಮನ ಬಾಯಿ ಮಾತಿಗಿ ಕೇಳಿದ್ದಿ ಅಂದ್ಕೊಂಡೆ.”

ಸುತ್ತಿಗೆಯನ್ನು ಚೀಲದಲ್ಲಿಟ್ಟುಕೊಂಡೆ. ಹಾಗಲ್ಲ ಎನ್ನುವ ಮಾತು ನನ್ನ ಬಾಯಿಂದ ಇಂದಿಗೂ ಬಂದಿಲ್ಲ.

ಕಳೆದ ವಾರ ಕಲ್ಲು ಹಾಕಿದ ಗೌಂಡಿ ಸಂಜೆಗೆ ಕೆಲಸ ಮುಗಿಸಿ ಹೋದ. ಯಜಮಾನರಿಗೆ ವಾಡಿಯಲ್ಲಿ ರೈಲ್ವೆ ಡ್ಯೂಟಿ, ಅಂದು ಬರುವವರಿರಲಿಲ್ಲ. ಸುತ್ತಿಗೆ ತಂದು ಹೊಸ ಕಲ್ಲುಗಳನ್ನು ಒಂದೊಂದಾಗಿ ಬಡಿದೆ. ಎಲ್ಲವೂ ನನಗೆ ಒಂದೇ ಥರ ಕೇಳಿಸಿದವು. ಒಳಗೆ ಬಂದು ಹಿಟ್ಟು ಕಲಸಿದೆ. ನನ್ನೊಬ್ಬಳಿಗೆ ಎರಡು ರೊಟ್ಟಿ ಸಾಕು. ಬಡಿಯುತ್ತ ಹೋದೆ, ಹನ್ನೊಂದು ಆದವು. ಆವತ್ತು ಅತ್ತೆಯ ಮನೆಯಲ್ಲಿ ನಾನು ಎದ್ದದ್ದು ಇಲ್ಲಿಗೇ. ಹನ್ನೆರಡನೆಯದನ್ನೂ ಬಡಿದು, ಸುಟ್ಟು, ಬುಟ್ಟಿಯಲ್ಲಿಟ್ಟು ಒಲೆಯ ಮುಂದೆಯೇ ಕೂತೆ. ಮನೆಯಲ್ಲಿ ಯಾರೂ ಇರಲಿಲ್ಲ.