ಎಂಟು ಅಂಕಿಗಳ ಮೇಲೆ ಅನುಮಾನದ ಕಣ್ಣು

ಬೆಳಗಿನ ಆರು ಗಂಟೆ. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಗಂಡ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾರೆ: "ಎಪ್ಪತ್ಮೂರು, ತೊಂಬತ್ತೊಂದು, ತೊಂಬತ್ಮೂರು, ಮೂವತ್ಮೂರು." ಹೆಂಡತಿ ಕರಡಿನ ಮೇಲೆ ಪೆನ್ಸಿಲ್ ಓಡಿಸುತ್ತಾರೆ. 73919333. ತಾಳೆಯಾಗಿದೆ. ಅಂಕಿಗಳನ್ನು ಕೂಡಿದರೆ ಅಲ್ಲೂ ಮೂವತ್ತೆಂಟು, ಇಲ್ಲೂ ಮೂವತ್ತೆಂಟು. ಆದರೂ ಸರಿ ಗುರುತು ಹಾಕಲು ಕೈ ಬರುತ್ತಿಲ್ಲ.

"ರೀ, ಇನ್ನೊಂದ್ಸಲ ಓದಿ."

"ಮೂರು ಸಲ ಆಯ್ತಲ್ಲೇ! ನನ್ನ ಮೇಲೂ ಅನುಮಾನಾನಾ?"

"ನಿಮ್ಮ ಮೇಲೆ ಮದುವೆ ದಿನದಿಂದ್ಲೂ ಇದೆ. ಓದಿ."

ಕರಡು ತಿದ್ದುವ ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಅನುಮಾನದಕ್ಕ ಎಂದೇ. ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ನಲವತ್ತು ಪುಟ, ಹೆಚ್ಚಿನವು ಗಣಿತದವು. ಕನ್ನಡಕ ನಾಲ್ಕು ಸಲ ಬದಲಾಗಿದೆ, ಕತ್ತುನೋವು ಮಾತ್ರ ಹಳೆಯದೇ. ಯಾವ ಪುಸ್ತಕದಲ್ಲೂ ಇವರ ಹೆಸರಿಲ್ಲ. ಕಳೆದ ತಿಂಗಳು ಒಂದು ಪುಟದ ಮೇಲೆ ಸಂಶಯಪಟ್ಟು ಯಂತ್ರ ನಿಲ್ಲಿಸಿದ್ದರು, ತಪ್ಪೇನೂ ಸಿಗಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ನನಗೆ ಕಂಪ್ಯೂಟರೇ ಸಾಕು" ಎಂದು ಮಾಲೀಕರು ಅಂದೇ ಹೇಳಿಬಿಟ್ಟಿದ್ದಾರೆ.

ಇವತ್ತಿನ ಸಂಖ್ಯೆ ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಪುಸ್ತಕದ್ದು. ಇದು ಅವಿಭಾಜ್ಯ, ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಬಲಗಡೆಯಿಂದ ಒಂದೊಂದೇ ಅಂಕಿ ಕತ್ತರಿಸುತ್ತ ಹೋದರೂ ಉಳಿಯುವುದೆಲ್ಲ ಅವಿಭಾಜ್ಯವೇ. ಈ ಗುಣದ ಸಂಖ್ಯೆಗಳಲ್ಲಿ ಇದೇ ಅತಿ ದೊಡ್ಡದು ಎನ್ನುತ್ತದೆ ಪುಸ್ತಕ.

"ಇಷ್ಟೊಂದು ಒಳ್ಳೆ ಗುಣ ಇರೋರನ್ನ ಕಂಡ್ರೆ ನನಗೆ ಮೊದಲೇ ನಂಬಿಕೆ ಬರಲ್ಲ" ಎನ್ನುತ್ತಾರೆ ಅನುಮಾನದಕ್ಕ.

ಒಂದೊಂದಾಗಿ ಅಂಕಿ ಮುಚ್ಚಿ ಪರೀಕ್ಷಿಸುತ್ತಾರೆ. 7 ಸರಿ. 73 ಸರಿ. 739 ಕೂಡ ಸರಿ. 7391 ಏಳಕ್ಕೆ, ಹನ್ನೊಂದಕ್ಕೆ, ಹದಿಮೂರಕ್ಕೆ, ಹದಿನೇಳಕ್ಕೆ ಬಗ್ಗುವುದಿಲ್ಲ. ಹತ್ತೊಂಬತ್ತರಿಂದ ಭಾಗಿಸಿದರೆ 389, ಶೇಷ ಸೊನ್ನೆ. ಪೆನ್ಸಿಲ್ ನಿಲ್ಲುತ್ತದೆ.

ಹಸ್ತಪ್ರತಿಯಲ್ಲಿ ಇರುವುದನ್ನು ಕರಡು ತಿದ್ದುವವರು ಮುಟ್ಟುವಂತಿಲ್ಲ. ಎಂಟಕ್ಕೆ ಯಂತ್ರ ಓಡಬೇಕು. ಅನುಮಾನದಕ್ಕ ಹೋಗಿ ಅದರ ಮುಂದೆಯೇ ನಿಲ್ಲುತ್ತಾರೆ.

"ಮತ್ತೆ ಶುರುವಾಯ್ತಾ, ಅಕ್ಕಾ?" ಮಾಲೀಕರು ಹುಬ್ಬು ಗಂಟಿಕ್ಕುತ್ತಾರೆ.

"ಮೇಷ್ಟ್ರಿಗೆ ಫೋನ್ ಹಚ್ಚಿ ಸಾರ್. ನಂದೇ ತಪ್ಪಾದ್ರೆ ನಾಳೆಯಿಂದ ಬರಲ್ಲ."

ಫೋನಿನ ಆಚೆ ಹಾಳೆ ಮಗುಚುವ ಸದ್ದು.

"ಅಯ್ಯೋ ತಾಯಿ, ಅದು 73939133! ಎರಡೆರಡು ಅಂಕಿ ನೋಡ್ಕೊಂಡು ನಕಲು ಮಾಡುವಾಗ ಮಧ್ಯದ ಜೋಡಿಗಳು ಅದಲುಬದಲಾಗಿವೆ." ತಪ್ಪು ಹಸ್ತಪ್ರತಿಯಲ್ಲೇ ಇತ್ತು, ಕರಡಿನ ಜೊತೆ ತಾಳೆ ನೋಡಿದ್ದೂ ಕೂಡಿ ನೋಡಿದ್ದೂ ಅದಕ್ಕೇ ಕೆಲಸಕ್ಕೆ ಬರಲಿಲ್ಲ.

"ನಾಳೆ ಬೇಗ ಬನ್ನಿ. ಎರಡನೇ ಭಾಗ ಇದೆ" ಎನ್ನುತ್ತಾರೆ ಮಾಲೀಕರು, ಮುಖ ನೋಡದೆ.

ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಅನುಮಾನದಕ್ಕ ಹೊಸ ಹಾಳೆ ತೆಗೆದಿದ್ದಾರೆ. ಮೇಷ್ಟ್ರು ಹೇಳಿದ ಸಂಖ್ಯೆ ನಿಜಕ್ಕೂ ಅವಿಭಾಜ್ಯವೇ ಎಂದು ಕೈಯಾರೆ ನೋಡಬೇಕಾದರೆ 8597ರವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಬೇಕು. ಒಟ್ಟು ಸಾವಿರದ ಎಪ್ಪತ್ತು ಲೆಕ್ಕ.

"ಮೇಷ್ಟ್ರು ಸುಳ್ಳು ಹೇಳೋರಲ್ಲ. ಆದ್ರೆ ಒಂದ್ಸಲ ತಪ್ಪು ಬರೆದೋರು ತಾನೇ?" ಮೂವತ್ತೊಂದನೆಯ ಭಾಗಾಕಾರಕ್ಕೆ ಅಡ್ಡಗೆರೆ ಎಳೆಯುತ್ತಾರೆ. "ಇಲ್ಲೀವರೆಗೇನೋ ಸಾಚಾ ಅನ್ನಿಸ್ತಿದೆ. ನೋಡೋಣ."