ಸಲೀರ್: ಹತ್ತುವುದೋ, ಇಳಿಯುವುದೋ?

ಎರಡು ಕೈಯಲ್ಲಿ ಎರಡು ಕಪ್ ಚಹಾ ಹಿಡಿದು ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ನನ್ನ ಕಣ್ಣೆದುರೇ ಹೆಂಡತಿ ಹಳ್ಳಿಖೇಡದ ಬಸ್ಸಿನಲ್ಲಿ ಹೊರಟುಹೋದಳು. ನಾವು ಹೋಗಬೇಕಿದ್ದದ್ದು ಬಸವಕಲ್ಯಾಣಕ್ಕೆ, ನಮ್ಮ ಮನೆಗೆ.

ಜಗಳವೇನೂ ಆಗಿರಲಿಲ್ಲ. ಎಲ್ಲ ಆ ಸ್ಪ್ಯಾನಿಷ್‌ನಿಂದ ಆದದ್ದು.

ನನ್ನಾಕೆ ಶಿವಲೀಲಾ ಕೆಲವು ತಿಂಗಳಿಂದ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಯಾಕೆ ಅಂತ ಕೇಳಬೇಡಿ. ನಾನು ಕೇಳಿದ್ದೆ. "ನೀವು ದಿನಾ ಕ್ರಿಕೆಟ್ ಯಾಕ ನೋಡ್ತೀರಿ?" ಅಂದಳು. ರೊಟ್ಟಿ ಬಡಿಯುವಾಗಲೂ ಪಾಠ. (ಈಗೀಗ ನನ್ನನ್ನು ಬೈಯುವುದೂ ಅದರಲ್ಲೇ ಅಂತ ಅನುಮಾನ.) ಆದರೆ ಮಾತಾಡಲು ಒಬ್ಬರಾದರೂ ಬೇಕಲ್ಲ? ನಮ್ಮೂರಲ್ಲಿ ಉರ್ದು ಸಿಗುತ್ತದೆ, ಮರಾಠಿ ಸಿಗುತ್ತದೆ. ಸ್ಪ್ಯಾನಿಷ್ ಎಲ್ಲಿಂದ ತರೋಣ?

ಹೋದ ಭಾನುವಾರ ಅರ್ಧ ಸಿಕ್ಕಿತು. ಹುಮನಾಬಾದ್ ಸ್ಟ್ಯಾಂಡಿನ ಬೆಂಚಿನಲ್ಲಿ ನಮ್ಮ ಪಕ್ಕ ಕುಳಿತಿದ್ದ ಹೆಣ್ಣುಮಗಳು ಇಟಲಿಯವಳು, ಹೆಸರು ಕಿಯಾರಾ. ಗೆಳತಿ ಬಸವಕಲ್ಯಾಣದ ಲಾಡ್ಜಿನಲ್ಲಿ ಕಾಯುತ್ತಿದ್ದಾಳೆ, ತನ್ನ ಫೋನಿನ ಚಾರ್ಜ್ ಮುಗಿದಿದೆ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ನಮ್ಮ ಜೊತೆಯೇ ಬನ್ನಿ ಎಂದೆವು. ಸ್ಪ್ಯಾನಿಷೂ ಇಟಾಲಿಯನ್ನೂ ಲ್ಯಾಟಿನ್ನಿನ ಮಕ್ಕಳಂತೆ. ಇವಳು 'ಲೂನಾ' ಅಂದರೆ ಅವಳಿಗೂ ಚಂದ್ರ. 'ಕಾಸಾ' ಅಂದರೆ ಅವಳಿಗೂ ಮನೆ. ಒಂದೇ ತವರಿನವರ ಹಾಗೆ ಕೈ ಕೈ ಹಿಡಿದುಕೊಂಡರು. ನನಗಲ್ಲಿ ಕೆಲಸವಿರಲಿಲ್ಲ. ಚಹಾ ತರಲು ಎದ್ದೆ.

ಅಷ್ಟರಲ್ಲಿ ಬಸ್ಸೊಂದು ಬಂತು. ಬೋರ್ಡು ಕನ್ನಡದಲ್ಲಿ. ಇದೇ ನಮ್ಮ ಬಸ್ಸೆಂದು ಕಿಯಾರಾ ಓಡಿ ಮೆಟ್ಟಿಲ ಮೇಲೆ ಕಾಲಿಟ್ಟಳು. ಶಿವಲೀಲಾ ಬೆನ್ನಿಗೇ ಓಡಿ, "ಸಲೀರ್, ಸಲೀರ್" ಎಂದು ಕೂಗಿದಳು. ಸ್ಪ್ಯಾನಿಷಿನಲ್ಲಿ ಹೊರಗೆ ಬರುವುದು ಎಂದರ್ಥ. ಕಿಯಾರಾ ತಲೆಯಾಡಿಸಿ, ಒಳಗೆ ಹೋಗಿ, ಕಿಟಕಿ ಪಕ್ಕ ಕುಳಿತೇಬಿಟ್ಟಳು. ಇವಳು ಇನ್ನೂ ಜೋರಾಗಿ ಹೇಳಿದಳು. ಅವಳು ಪಕ್ಕದ ಸೀಟು ತಟ್ಟಿ ಕರೆದಳು. ಇಳಿಸಿಕೊಂಡು ಬರೋಣವೆಂದು ಇವಳೂ ಹತ್ತಿದಳು. ಬಸ್ಸು ಬಿಟ್ಟಿತು.

ಗೇಟಿನ ಹತ್ತಿರ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರಂತೆ. ಕಲ್ಯಾಣ ಎಂದದ್ದೇ ಸೀಟಿ ಊದಿ ನಿಲ್ಲಿಸಿದರು. ಶಿವಲೀಲಾ ಆಗ ಸ್ಪ್ಯಾನಿಷ್ ಬಿಟ್ಟು, ಅವಳ ರಟ್ಟೆ ಹಿಡಿದು, "ಇಳಿಯವ್ವಾ, ಇದು ನಮ್ಮೂರಿಗೆ ಹೋಗಂಗಿಲ್ಲ" ಅಂದಳು. ಕಿಯಾರಾ ತಕ್ಷಣ ಇಳಿದಳು.

ಬೆಂಚಿಗೆ ಮರಳಿ ಬಂದು ಮೊಬೈಲ್ ನೋಡಿದೆವು. ಲ್ಯಾಟಿನ್ನಿನಲ್ಲಿ ಆ ಕ್ರಿಯಾಪದಕ್ಕೆ ಜಿಗಿಯುವುದು ಎಂದರ್ಥವಂತೆ. ಸ್ಪೇನಿನವರು, ಪೋರ್ಚುಗಲ್ಲಿನವರು ಹೊರಕ್ಕೆ ಜಿಗಿದರು. ಇಟಲಿಯವರು ಮೇಲಕ್ಕೆ. ಅವರ 'ಸಲೀರೆ' ಎಂದರೆ ಬಸ್ ಹತ್ತುವುದು! ಕಿಯಾರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಶಿವಲೀಲಾಗೆ ಮಾತ್ರ ಸಿಟ್ಟು. "ಅಕ್ಕ-ತಂಗೇರು ಒಂದ ಮಾತಿಗೆ ಎರಡು ಅರ್ಥ ಯಾಕ ಇಟ್ಕೊಂಡಾರ್ರಿ?" ಎಂದು ನನ್ನನ್ನೇ ಕೇಳಿದಳು. (ನಾನೇ ಇಟ್ಟವನಂತೆ.)

ಕಲ್ಯಾಣ ಮುಟ್ಟಿ, ಕಿಯಾರಾಳನ್ನು ಗೆಳತಿಗೆ ಒಪ್ಪಿಸಿ ಹೊರಟೆವು. ಶಿವಲೀಲಾ ಕೈ ಮುಗಿದು "ಬರ್ತೇವ್ರಿ" ಅಂದಳು. ಹಾಗೆಂದರೇನು ಎಂದು ಕಿಯಾರಾ ಕೇಳಿದಳು. ನಾನು ಪದದ ಅರ್ಥವನ್ನಷ್ಟೇ ಹೇಳಿದೆ. ಪಾಪ, ಅವಳು ಬಾಗಿಲು ಪೂರ್ತಿ ತೆರೆದು, ನಮ್ಮನ್ನು ಒಳಗೆ ಕರೆದಳು.

ಹೋಗುವಾಗ ಬರ್ತೇವಿ ಅನ್ನುವ ನಾವು, ಲ್ಯಾಟಿನ್ನಿನ ಮಕ್ಕಳಿಗೆ ಬುದ್ಧಿ ಹೇಳುವುದು ಹ್ಯಾಂಗ?