ನಾಲ್ಕು ಮತ್ತು ಐವತ್ತು

ಥೋರಾಳನ್ನು ದಡ್ಡಿ ಅಂದವರ ಮಾತನ್ನು ಇಷ್ಟು ವರ್ಷ ಸುಮ್ಮನೆ ಕೇಳಿಸಿಕೊಂಡೆನಲ್ಲ ಎಂದು ನನಗೇ ನಾಚಿಕೆಯಾಗುತ್ತದೆ. ಹಿರ್ಟ್ಸ್‌ಹಾಲ್ಸ್ ಬಂದರಿನ ಕಾರ್ಖಾನೆಯಲ್ಲಿ ನಾವಿಬ್ಬರೂ ಇಪ್ಪತ್ತಾರು ವರ್ಷ ಅಕ್ಕಪಕ್ಕ ನಿಂತು ಹೆರಿಂಗ್ ಮೀನು ಸೀಳಿದವರು. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೇಳಿದ ಸಂಖ್ಯೆ ಬರೆದುಕೋ ಅಂದರೆ ಮಾತ್ರ ಎಡವಟ್ಟು.

ತಪ್ಪು ಅವಳದೋ, ನಮ್ಮ ಡೇನಿಶ್ ಭಾಷೆಯದೋ? ಐವತ್ನಾಲ್ಕನ್ನು ನಾವು ‘ನಾಲ್ಕು ಮತ್ತು ಐವತ್ತು’ ಅನ್ನುತ್ತೇವೆ. ಥೋರಾ ಕೇಳಿದ ಕ್ರಮದಲ್ಲೇ 45 ಎಂದು ಬರೆಯುತ್ತಾಳೆ. ಶಾಲೆಯಲ್ಲಿ ಮೇಷ್ಟ್ರು ಅವಳ ಪುಸ್ತಕವನ್ನು ಎತ್ತಿ ಹಿಡಿದು ಇಡೀ ತರಗತಿಯನ್ನು ನಗಿಸಿದ್ದರಂತೆ. ಅಂದಿನಿಂದ ಅವಳು, ವಿಕಟಕವಿ ಎಂಬ ಪದದಂತೆ ಯಾವ ಕಡೆಯಿಂದ ಓದಿದರೂ ಕೆಡದ ಸಂಖ್ಯೆಗಳ ಬೆನ್ನು ಹತ್ತಿದಳು. 77, 363, 4554. ಮೀನಿನ ಪೆಟ್ಟಿಗೆಗಳ ನಂಬರುಗಳಲ್ಲಿ ಅವನ್ನು ಹುಡುಕುವುದು, ಒಟ್ಟು ಎಷ್ಟಿರಬಹುದೆಂದು ಮನಸ್ಸಿನಲ್ಲೇ ಎಣಿಸುವುದು, ಇದೇ ಅವಳ ಹುಚ್ಚು.

ಐವತ್ತೊಂದನೇ ವಯಸ್ಸಿನಲ್ಲಿ ದೋಣಿಯ ಕಪ್ತಾನಳಾಗುತ್ತೇನೆ ಅಂದಳು. ಕಪ್ತಾನರ ಶಾಲೆಗೆ ಸೇರಬೇಕಾದರೆ ಮೊದಲು ಗಣಿತ ಪಾಸಾಗಬೇಕು. ಸ್ವಂತ ದೋಣಿಯಿದ್ದ ಅವಳ ಅಣ್ಣ ಎಸ್ಕಿಲ್ಡ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇವಳ ಕೈಗೆ ಚುಕ್ಕಾಣಿ ಕೊಟ್ರೆ ಸ್ವೀಡನ್ನಿಗೆ ಹೊರಟೋರು ನಾರ್ವೆಲಿ ಇಳೀತೀವಿ."

"ನೀನು ಅಲ್ಲೇ ಇದ್ಬಿಡಣ್ಣ. ನಮಗೂ ನೆಮ್ಮದಿ," ಅಂದಳು ಥೋರಾ.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ನಾನು ಹಿಂದಿನ ಕುರ್ಚಿ ಹಿಡಿದೆ. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಬೋರಲು ಹಾಕಿದ್ದ ಚೀಟಿಗಳಲ್ಲಿ ಅವಳು ಒಂದನ್ನು ಎತ್ತಿದಳು. ಹಿಂದುಮುಂದಾಗಿ ಓದಿದರೂ ಬದಲಾಗದ ನಾಲ್ಕಂಕಿಯ ಸಂಖ್ಯೆಗಳು ಎಷ್ಟು? ನನಗೆ ಕುಣಿಯುವಷ್ಟು ಖುಷಿಯಾಯಿತು.

"ತೊಂಬತ್ತು," ಅಂದಳು. "ಮೊದಲ ಅಂಕಿಗೆ ಒಂಬತ್ತು ದಾರಿ, ಸೊನ್ನೆ ಬರೋ ಹಾಗಿಲ್ಲ. ಎರಡನೇದಕ್ಕೆ ಹತ್ತು. ಉಳಿದೆರಡು ತಾವಾಗೇ ಬರ್ತವೆ. ಐದಂಕಿ ಆದ್ರೆ ನಡುವೆ ಇನ್ನೊಂದು ಹತ್ತು, ಒಂಬೈನೂರು."

ಹೊರಗಿನಿಂದ ಬಂದಿದ್ದ ಪರೀಕ್ಷಕ ಹೋಲ್ಗರ್ ಲಿಂಡೆ ಕನ್ನಡಕ ಸರಿಮಾಡಿಕೊಂಡ. "ಸರಿ. ಆರಂಕಿದು, ನಾಲ್ಕು ಮತ್ತು ಐವತ್ತರಿಂದ ಶುರುವಾಗೋವು ಎಷ್ಟು? ಬರೆದು ತೋರಿಸಿ."

ಅವಳು ಬೋರ್ಡಿನ ಮೇಲೆ 45 ಬರೆದಳು. ನಾನು ಕಣ್ಣು ಮುಚ್ಚಿಕೊಂಡೆ.

"ಹೇಳಿದ ಸಂಖ್ಯೆ ಬರೆಯೋಕೆ ಬರಲ್ಲ, ನೀವು ಕಪ್ತಾನ್ ಆಗ್ತೀರಾ?"

ಥೋರಾ ಅದನ್ನು ಅಳಿಸಲಿಲ್ಲ. "ಉತ್ತರ ಹತ್ತು. ಮೊದಲೆರಡು ಅಂಕಿ ನೀವೇ ಕೊಟ್ರಿ, ಕೊನೇವೆರಡು ಅದರಿಂದಲೇ ಬಂದ್ವು. ನನ್ನ ಕೈಲಿರೋದು ಮೂರನೇದು ಒಂದೇ, ನಾಲ್ಕನೇದೂ ಅದೇ ಆಗ್ಬೇಕು. 45 ಇಟ್ರೂ ಹತ್ತೇ, 54 ಇಟ್ರೂ ಹತ್ತೇ. ತಪ್ಪಿದ್ರೆ ತೋರಿಸಿ."

ಲಿಂಡೆ ಹಾಳೆಯ ಮೇಲೆ ಏನೋ ಗೀಚಿಕೊಂಡ.

"ಇನ್ನು ಕಪ್ತಾನಿಕೆ ವಿಷಯ," ಅಂದಳು. "ಸಮುದ್ರದಲ್ಲಿ ರೇಡಿಯೋದಲ್ಲಿ ಒಂದೊಂದೇ ಅಂಕಿ ಹೇಳ್ತಾರೆ. ಐದು, ನಾಲ್ಕು. ಬರೆದ ಹಾಗೇ ಮಾತಾಡ್ತಾರೆ. ದಡದ ಮೇಲಿರೋ ನೀವುಗಳೇ ತಿರುಗಿಸಿ ಹೇಳೋದು. ಅದಕ್ಕೇ ನಾನು ಹೋಗ್ತಿರೋದು."

ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ನಮ್ಮಲ್ಲಿ ಅತಿ ಹೆಚ್ಚಿನ ಅಂಕ 12, ಪಾಸಾಗಲು 02. ಅದಕ್ಕಿಂತ ಕೆಳಗೆ 00, ಅಂದರೆ ನಪಾಸು. ಪಡಸಾಲೆಯಲ್ಲಿ ನಾನು ಅವಳ ಕೈ ಹಿಡಿದುಕೊಳ್ಳಲು ಹೋದರೆ ಕೊಡವಿಕೊಂಡಳು.

"ಸೊನ್ನೆ ಬಂದ್ರೂ ಮುಂದಿನ ಸಲ ಬರ್ತೀನಿ ಕಣೇ. ಹೆದರಿದೀನಿ ಅಂತ ಯಾರಿಗೂ ಹೇಳ್ಬೇಡ."

ಒಳಗೆ ಕರೆದರು. ಲಿಂಡೆ ಹಾಳೆ ನೋಡಿಕೊಂಡೇ ಹೇಳಿದ. "ಎಣಿಕೆ ಸರಿಯಿದೆ. ಬರವಣಿಗೆಗೆ ಅಂಕ ಕಳೆದಿದ್ದೀವಿ. ಸೊನ್ನೆ, ಎರಡು. ಪಾಸು."

ಥೋರಾ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ, 45ರ ಕೆಳಗೆ, ದೊಡ್ಡದಾಗಿ 20 ಎಂದು ಬರೆದಳು.

"ನಾನು ಹುಟ್ಟಿದಾಗಿಂದ ಹೀಗೇ ಬರೆಯೋಳು ಸ್ವಾಮಿ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನಡಿ, ಹನ್ನೆರಡಕ್ಕೆ ಇಪ್ಪತ್ತು ಬಂತು ಅಂತ ಎಸ್ಕಿಲ್ಡ್‌ಗೆ ಹೇಳ್ಬೇಕು."